ಹಂಚಿನ ಮೇಲಿನ ಇಸವಿ



ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯು 1977ರಲ್ಲಿ ಕೈಗೊಂಡ ನಿರ್ಣಯದಂತೆ ವರ್ಷವರ್ಷವೂ ಮೇ 18ರಂದು ವಸ್ತುಸಂಗ್ರಹಾಲಯಗಳ ದಿನವನ್ನು ಆಚರಿಸಲಾಗುತ್ತದೆ. ನಮ್ಮಲ್ಲಿ ಅದು ಬೇಸಗೆ ರಜೆಯ ಕಾಲ. ಕರಾವಳಿಯ ಚಿಕ್ಕದೊಂದು ವಸ್ತುಸಂಗ್ರಹಾಲಯ ಅಂದು ಎಲ್ಲರಿಗೂ ತೆರೆದಿದೆಯೆಂದು ಭಾವಿಸಿಕೊಳ್ಳಿ. ಇರುವುದು ಎರಡೇ ಕೋಣೆ. ಜನರ ಸಾಲು ಅಂಗಳ ದಾಟಿದೆ. ವಸ್ತುಗಳನ್ನು ಪರಿಚಯಿಸುವವರು ಸಂಬಳದ ನೌಕರರಲ್ಲ, ಊರಿನ ಸ್ವಯಂಸೇವಕರು. ಅವರಲ್ಲಿ ನೀವೂ ಒಬ್ಬರು.

ನಿಮ್ಮ ಮುಂದೆ ಬಾಸೆಲ್ ಮಿಶನ್ ಕಾರ್ಖಾನೆಯ ಹಳೆಯ ಹಂಚೊಂದಿದೆ. ಅದರ ಮೇಲೆ 1865 ಎಂದು ಅಚ್ಚಾಗಿದೆ. ಬಾಲಕನೊಬ್ಬ ಕಣ್ಣರಳಿಸಿ, ಇದು 1865ರ ಹಂಚೇ, ಇದನ್ನು ಮಾಡಿದವರು ಯಾರು ಎಂದು ಕೇಳುತ್ತಾನೆ. ಹೌದೆಂದುಬಿಟ್ಟರೆ ಅವನಿಗೆ ಸಂತೋಷ. ಸಾಲೂ ಮುಂದೆ ಸರಿಯುತ್ತದೆ. ಆದರೆ 1865 ಎಂಬುದು ಗಿಯೋರ್ಗ್ ಪ್ಲೆಬ್ಸ್ಟ್ ಅವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಆ ಕಾರ್ಖಾನೆಯನ್ನು ಆರಂಭಿಸಿದ ವರ್ಷ. ಸ್ಥಾಪನೆಯ ಇಸವಿಯನ್ನೇ ಅನಂತರದ ಹಂಚುಗಳ ಮೇಲೂ ಒತ್ತಬಹುದು. ಆ ಅಂಕೆಯೊಂದರಿಂದಲೇ ಹಂಚಿನ ವಯಸ್ಸನ್ನು ಹೇಳಲಾಗದು.

ಒಂದು ಇಸವಿ ತಪ್ಪಿದರೆ ಯಾರಿಗೇನು ನಷ್ಟ, ಮಕ್ಕಳಲ್ಲಿ ಪರಂಪರೆಯ ಪ್ರೀತಿ ಹುಟ್ಟಿದರೆ ಸಾಲದೇ ಎಂದು ನೀವು ಕೇಳಬಹುದು. ಈ ಮಾತು ತಳ್ಳಿಹಾಕುವಂಥದಲ್ಲ. ಆದರೂ ಯೋಚಿಸಿರಿ. ಅಂದು ಬಂದವರು ಪ್ರವೇಶಧನ ಕೊಟ್ಟಿಲ್ಲವಾದರೂ ತಮ್ಮ ನಂಬಿಕೆಯನ್ನು ಕೊಟ್ಟಿದ್ದಾರೆ. ನಿಮ್ಮ ಮಾತನ್ನು ಪರೀಕ್ಷಿಸಿ ನೋಡುವ ದಾರಿ ಆ ಬಾಲಕನಿಗಿಲ್ಲ. ಅವನು ಅದನ್ನು ಮನೆಯಲ್ಲಿ ಹೇಳುವನು, ಶಾಲೆಯಲ್ಲಿ ಹೇಳುವನು. ಊಹೆಯೊಂದು ಸಂಗ್ರಹಾಲಯದ ಹೆಸರಿನಲ್ಲಿ ಸತ್ಯವಾಗಿಬಿಡುವುದು.

ಅವನ ಎರಡನೆಯ ಪ್ರಶ್ನೆ ಇನ್ನೂ ಆಳವಾದದ್ದು. ಕಾರ್ಖಾನೆ ಸ್ಥಾಪಿಸಿದವರ ಹೆಸರು ಚರಿತ್ರೆಯಲ್ಲಿದೆ. ಜೇಡಿಮಣ್ಣನ್ನು ಹದಮಾಡಿದ, ಹಸಿ ಹಂಚುಗಳನ್ನು ಹೊತ್ತು ಒಣಗಲಿಟ್ಟ, ಗೂಡಿನ ಬೆಂಕಿಯ ಮುಂದೆ ಬೆವರಿದ ಸ್ತ್ರೀಪುರುಷರ ಹೆಸರು ಹಂಚಿನ ಮೇಲಿಲ್ಲ. ಕೇಳುಗರ ಮನ ಕರಗಲೆಂದು ನಾವು ಒಂದು ಹೆಸರನ್ನೂ ಒಂದು ಕಣ್ಣೀರಿನ ಕಥೆಯನ್ನೂ ಕಟ್ಟಿದರೆ, ನಿಜವಾಗಿ ದುಡಿದವರನ್ನು ಗೌರವಿಸಿದಂತಾಗದು; ಅವರ ಸ್ಥಾನದಲ್ಲಿ ನಮ್ಮ ಬೊಂಬೆಯನ್ನು ಕೂರಿಸಿದಂತಾಗುವುದು. ಸತ್ತವರು ಎದ್ದುಬಂದು 'ಹಾಗಲ್ಲ' ಎನ್ನಲಾರರು. ನೆರೆಯವರ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದೆಂದು ನಾವು ಬಾಲ್ಯದಲ್ಲೇ ಕಲಿತಿದ್ದೇವೆ. ಬಾಯಿಲ್ಲದ ಈ ನೆರೆಯವರಿಗೆ ಆ ಆಜ್ಞೆಯ ಆಸರೆ ಇನ್ನೂ ಹೆಚ್ಚು ಬೇಕಲ್ಲವೇ?

ಸತ್ಯ ಹೇಳಲು ದೀರ್ಘ ಉಪನ್ಯಾಸ ಬೇಕಿಲ್ಲ. "ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಈ ಹಂಚು ಯಾವಾಗಿನದೋ ನನಗೆ ಗೊತ್ತಿಲ್ಲ, ಮಗು. ಮಾಡಿದವರ ಹೆಸರೂ ಗೊತ್ತಿಲ್ಲ. ನಿಮ್ಮ ಅಜ್ಜಿಯನ್ನು ಕೇಳಿ ನೋಡು, ನಿಮ್ಮವರಲ್ಲಿ ಯಾರಾದರೂ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರೇ ಎಂದು." ಇಷ್ಟು ಹೇಳಲು ಅರೆನಿಮಿಷ ಸಾಕು. ಕಟ್ಟುಕಥೆಯಿಂದ ಅವನ ಪ್ರಶ್ನೆ ಅಲ್ಲೇ ಮುಗಿಯುತ್ತಿತ್ತು. ಈ ಉತ್ತರದಿಂದ ಅದು ಅವನೊಡನೆ ಮನೆಗೆ ಹೋಗುತ್ತದೆ. ಹಂಚಿನ ಕೆಲಸದ ನೆನಪು ಉಳಿದಿರುವ ಮನೆಗಳು ಕರಾವಳಿಯಲ್ಲಿ ಇಂದಿಗೂ ಇವೆ. ಮರೆತುಹೋದ ಹೆಸರೊಂದು ಅಜ್ಜಿಯ ಬಾಯಿಂದ ಹೊರಬಂದರೂ ಬರಬಹುದು.

ಇಂತಹ ದಿನಗಳಲ್ಲಿ ಎರಡು ಗಂಟೆಗಳ ಸೇವೆಗೆ ನಿಮ್ಮನ್ನು ಕರೆದರೆ ಸಂತೋಷದಿಂದ ಹೋಗಿರಿ. ತಿಳಿದುದನ್ನು ಪ್ರೀತಿಯಿಂದ ಹೇಳಿರಿ. ತಿಳಿಯದುದನ್ನು ತಿಳಿಯದೆನ್ನಲು ನಾಚದಿರಿ.