ತಪ್ಪು ಗ್ರಂಥದಲ್ಲೋ, ಬೆನ್ನ ಮೇಲೋ?

ನಮ್ಮ ಕೇರಿಗಳಲ್ಲಿ 'ತಪ್ಪು' ಅನ್ನೋ ಮಾತಿಗೆ ಎರಡು ಅರ್ಥ. ಲೆಕ್ಕ ಕೆಟ್ಟರೂ ತಪ್ಪು, ಊರ ಗೌಡನ ಮುಂದೆ ಚಪ್ಪಲಿ ಮೆಟ್ಟಿ ನಡೆದರೂ ತಪ್ಪು. ಮೊದಲನೆಯದಕ್ಕೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಎಳೀತಾರೆ. ಎರಡನೆಯದಕ್ಕೆ ಪಂಚಾಯ್ತಿ ಕೂಡುತ್ತದೆ, ದಂಡ ಬೀಳುತ್ತದೆ, ತಪ್ಪುಕಾಣಿಕೆ ಕಟ್ಟಬೇಕಾಗುತ್ತದೆ. ಒಂದು ತಪ್ಪು ಹಾಳೆಯ ಮೇಲಿರುತ್ತದೆ, ಇನ್ನೊಂದು ಮನುಷ್ಯನ ಬೆನ್ನ ಮೇಲೆ. ಧರ್ಮಗ್ರಂಥದಲ್ಲಿ ತಪ್ಪಿದೆಯೋ ಇಲ್ಲವೋ ಅಂತ ಪಂಡಿತರು ವಾದಕ್ಕೆ ಕೂತಾಗ ನಾವು ಮೊದಲು ಕೇಳಬೇಕಾದದ್ದು ಇಷ್ಟೇ: ಸ್ವಾಮಿ, ನೀವು ಮಾತಾಡ್ತಿರೋದು ಯಾವ ತಪ್ಪು?

ಕ್ರೈಸ್ತರೊಳಗೆ ಈ ವಾದ ಬಹಳ ಕಾಲದಿಂದ ನಡೆದಿದೆ. 1881ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಪಂಥದ ಎ.ಎ. ಹಾಡ್ಜ್ ಮತ್ತು ಬಿ.ಬಿ. ವಾರ್‌ಫೀಲ್ಡ್ ಎಂಬ ಇಬ್ಬರು ದೇವಶಾಸ್ತ್ರಜ್ಞರು ಒಂದು ಲೇಖನ ಬರೆದರು. ಬೈಬಲ್ಲಿನ ಮೂಲ ಬರಹ ಏನನ್ನು ಸಾಧಿಸಿ ಹೇಳುತ್ತದೋ ಅದರಲ್ಲಿ ತಪ್ಪಿಲ್ಲ ಎಂದು ವಾದಿಸಿದರು. 1976ರಲ್ಲಿ ಹೆರಾಲ್ಡ್ ಲಿಂಡ್‌ಸೆಲ್, ಈ ನಂಬಿಕೆಯನ್ನು ಸಡಿಲ ಬಿಟ್ಟ ಸಭೆಗಳು ಮತ್ತು ದೇವಶಾಸ್ತ್ರ ಶಾಲೆಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅದಕ್ಕೆ ಕೊಟ್ಟ ಹೆಸರು ಬೈಬಲ್ಲಿಗಾಗಿ ಕದನ ಎಂಬರ್ಥದ್ದು. 1978ರ ಅಕ್ಟೋಬರಿನಲ್ಲಿ ಶಿಕಾಗೋದಲ್ಲಿ ಕೂಡಿದ ಸುಮಾರು ಮುನ್ನೂರು ಮಂದಿ 19 ಕಲಮುಗಳ ಹೇಳಿಕೆಗೆ ರುಜು ಹಾಕಿದರು. ಬೈಬಲ್ಲಿಗೆ ತಪ್ಪಿಲ್ಲದಿರುವಿಕೆ ಆತ್ಮದ ವಿಷಯಕ್ಕೆ ಮಾತ್ರವಲ್ಲ, ಚರಿತ್ರೆಗೂ ವಿಜ್ಞಾನಕ್ಕೂ ಸೇರಿದ್ದು ಎಂದರು. ಇನ್ನೊಂದು ಕಡೆಯವರೂ ಭಕ್ತರೇ. ಗ್ರಂಥ ಮನುಷ್ಯನನ್ನು ಉದ್ಧಾರದ ದಾರಿಯಲ್ಲಿ ಹಾದಿ ತಪ್ಪಿಸುವುದಿಲ್ಲ, ಅಷ್ಟು ಸಾಕು. ಅದು ಪ್ರಾಣಿಶಾಸ್ತ್ರದ ಪಠ್ಯವಲ್ಲ ಅಂತ ಅವರ ವಾದ. 1965ರಲ್ಲಿ ಎರಡನೆಯ ವ್ಯಾಟಿಕನ್ ಪರಿಷತ್ತು ಕೂಡ ಗ್ರಂಥದ ಸತ್ಯವನ್ನು ಮನುಷ್ಯನ ಉದ್ಧಾರಕ್ಕೆ ಜೋಡಿಸಿಯೇ ಮಾತಾಡಿತು.

ಪ್ರಾಣಿಶಾಸ್ತ್ರದ ಮಾತು ಸುಮ್ಮನೆ ಬಂದದ್ದಲ್ಲ. ಯಾಜಕಕಾಂಡದಲ್ಲಿ ಮೊಲವನ್ನು ಮೆಲುಕು ಹಾಕುವ ಪ್ರಾಣಿಗಳ ಜೊತೆ ಸೇರಿಸಿದೆ. ಮೊಲ ಮೆಲುಕು ಹಾಕೋದಿಲ್ಲ ಅನ್ನೋದು ದನ ಕಾಯುವ ಹುಡುಗನಿಗೂ ಗೊತ್ತು. ಆದರೆ ಈ ಒಂದು ಮೊಲವನ್ನು ಉಳಿಸಲು ಎಷ್ಟು ವಿದ್ವತ್ತು ಖರ್ಚಾಗಿದೆ! ಮೊಲ ತನ್ನ ಹಿಕ್ಕೆಯನ್ನೇ ಮತ್ತೆ ತಿನ್ನುತ್ತದೆ, ಅದೇ ಮೆಲುಕು ಅಂತ ಒಬ್ಬರು. ನೋಡೋ ಕಣ್ಣಿಗೆ ಮೆಲುಕಿನ ಹಾಗೆ ಕಾಣುತ್ತಲ್ಲ, ಅಷ್ಟು ಸಾಕು ಅಂತ ಇನ್ನೊಬ್ಬರು. ಈ ಚರ್ಚೆಯನ್ನು ನಾವು ಗೇಲಿ ಮಾಡುತ್ತಿಲ್ಲ. ಅದರ ಹಿಂದೆ ಒಂದು ನಿಜವಾದ ಭಯವಿದೆ. ಇವತ್ತು ಮೊಲ ಬಿಟ್ಟರೆ ನಾಳೆ ನೋಹನ ಜಲಪ್ರಳಯ ಬಿಡಬೇಕು, ನಾಡಿದ್ದು ಯೇಸುವಿನ ಪುನರುತ್ಥಾನ. ಮನುಷ್ಯ ತನಗೆ ಬೇಕಾದ್ದು ಇಟ್ಟುಕೊಂಡು ಬೇಡಾದ್ದು ಬಿಡುತ್ತಾ ಹೋದರೆ, ಬಲವಂತನ ಕೈ ಹಿಡಿದು ನಿಲ್ಲಿಸುವ ಮಾತು ಯಾವುದು ಉಳಿಯುತ್ತದೆ? ಈ ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವ ಹಕ್ಕು ನಮಗಿಲ್ಲ.

ಆದರೆ ಮೊದಲು ಆಫ್ರಿಕಾಕ್ಕೆ ಹೋಗಿ ಬರೋಣ. ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ ಜಾನ್ ವಿಲಿಯಂ ಕೊಲೆನ್ಸೊ ಎಂಬ ಇಂಗ್ಲಿಷ್ ಬಿಷಪ್ ಇದ್ದರು. ಬೈಬಲ್ಲನ್ನು ಜುಲು ಭಾಷೆಗೆ ತರುವ ಕೆಲಸದಲ್ಲಿ ಅವರಿಗೆ ನೆರವಾಗುತ್ತಿದ್ದವನು ವಿಲಿಯಂ ಎನ್ಗಿಡಿ. ಜಲಪ್ರಳಯದ ಕತೆ ಅನುವಾದವಾಗುತ್ತಿದ್ದಾಗ ಅವನು ಕೇಳಿದ: ಸೆಕೆಯ ದೇಶದ ಮೃಗಗಳು, ಚಳಿಯ ದೇಶದ ಮೃಗಗಳು, ಎಲ್ಲವೂ ಜೋಡಿ ಜೋಡಿಯಾಗಿ ಬಂದು ಒಂದು ನಾವೆ ಹತ್ತಿದವೋ? ಇದು ನಿಜವೋ? ಬಿಷಪ್ಪರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ತಾವೇ ಲೆಕ್ಕ ಹಾಕಲು ಕೂತರು. 1862ರಿಂದ ಅವರ ಪುಸ್ತಕ ಸಂಪುಟ ಸಂಪುಟವಾಗಿ ಹೊರಬಂತು. ಮೋಶೆಯ ಹೆಸರಿನ ಕಾಂಡಗಳಲ್ಲಿನ ಜನಸಂಖ್ಯೆ, ಅಳತೆ, ದಿನಗಳ ಲೆಕ್ಕ ಯಾವುದೂ ಕೂಡುವುದಿಲ್ಲ ಎಂದು ತೋರಿಸಿತು. ಇಂಗ್ಲೆಂಡು ಕೆರಳಿತು. ಮತಾಂತರ ಮಾಡಲು ಹೋದ ಬಿಷಪ್ಪನನ್ನು ಒಬ್ಬ ಜುಲು ಮತಾಂತರ ಮಾಡಿಬಿಟ್ಟ ಅಂತ ನಕ್ಕರು. 1863ರಲ್ಲಿ ಕೇಪ್‌ಟೌನಿನ ಬಿಷಪ್ ಗ್ರೇ ವಿಚಾರಣೆ ನಡೆಸಿ ಕೊಲೆನ್ಸೊರನ್ನು ಪದವಿಯಿಂದ ಇಳಿಸಿದರು. ಆ ತೀರ್ಪು ಊರ್ಜಿತವಲ್ಲವೆಂದು 1865ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು.

ಈ ಕತೆಯಲ್ಲಿ ಎಲ್ಲರಿಗೂ ನೆನಪಿರುವುದು ನಾವೆ ಮತ್ತು ಮೃಗಗಳು. ಅದೇ ಪುಸ್ತಕದಲ್ಲಿ ಕೊಲೆನ್ಸೊ ಇನ್ನೊಂದು ಸಂಗತಿ ಬರೆದಿದ್ದಾರೆ. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ಒಡೆಯ ತನ್ನ ಗುಲಾಮನನ್ನು ಕೋಲಿನಿಂದ ಹೊಡೆದು, ಅವನು ಅಲ್ಲೇ ಸತ್ತರೆ ಒಡೆಯನಿಗೆ ದಂಡನೆ. ಒಂದೆರಡು ದಿನ ಬದುಕಿದ್ದು ಸತ್ತರೆ ದಂಡನೆಯಿಲ್ಲ, ಯಾಕೆಂದರೆ ಗುಲಾಮ ಅವನ ಸೊತ್ತು. ಇದನ್ನು ಜುಲು ಭಾಷೆಗೆ ತಿರುಗಿಸುವಾಗ ಜೊತೆಗಿದ್ದ ಸ್ಥಳೀಯ ಕ್ರೈಸ್ತನೊಬ್ಬ, ದಯಾಮಯನಾದ ದೇವರು ಹೀಗೆ ನುಡಿದನೆಂದು ಕೇಳಿ ಹೇಸಿದನಂತೆ. ಆ ಹೇಸಿಗೆಯನ್ನು ತಾನು ಮರೆಯಲಾರೆ ಎಂಬರ್ಥದ ಮಾತನ್ನು ಬಿಷಪ್ ಬರೆದಿಟ್ಟಿದ್ದಾರೆ.

ಗೆಳೆಯರೇ, ಇಲ್ಲಿ ಎರಡು ಪ್ರಶ್ನೆಗಳಿವೆ. ನಾವೆಯೊಳಗೆ ಅಷ್ಟು ಮೃಗ ಹಿಡಿಸಿದ್ದು ಹೇಗೆ ಅನ್ನೋದು ಒಂದು. ಮನುಷ್ಯ ಇನ್ನೊಬ್ಬ ಮನುಷ್ಯನ ಸೊತ್ತಾದದ್ದು ಹೇಗೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನ್ಯಾಯಾಲಯ ಕೂಡಿತು, ಪುಸ್ತಕಗಳ ಮೇಲೆ ಪುಸ್ತಕ ಬಂದವು. ಎರಡನೆಯದು ಅನುವಾದದ ಮೇಜಿನ ಬಳಿ ಒಬ್ಬ ಕರಿಯನ ಮುಖದಲ್ಲಿ ಮೂಡಿ ಅಲ್ಲೇ ಉಳಿಯಿತು. ಮೊಲ ಮೆಲುಕು ಹಾಕಿದರೂ, ಹಾಕದಿದ್ದರೂ ಯಾರ ಚರ್ಮವೂ ಸುಲಿಯುವುದಿಲ್ಲ. ಆ ಕಟ್ಟಳೆಯಿಂದ ಸುಲಿಯುತ್ತದೆ. ಕೊಲೆನ್ಸೊ ಮಾತ್ರ ಎರಡನ್ನೂ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. 1874ರಲ್ಲಿ ಹ್ಲುಬಿ ಜನರ ಮುಖಂಡ ಲಾಂಗಲಿಬಲೆಲೆಯನ್ನು ವಸಾಹತು ಸರ್ಕಾರ ಅನ್ಯಾಯದ ವಿಚಾರಣೆಗೆ ಗುರಿಮಾಡಿದಾಗ ಅವನ ಪರ ನಿಂತವರು ಅವರೇ. 1879ರಲ್ಲಿ ಜುಲು ರಾಜ್ಯದ ಮೇಲೆ ಬ್ರಿಟಿಷರು ದಂಡೆತ್ತಿ ಹೋದಾಗ ವಿರೋಧಿಸಿದವರೂ ಅವರೇ.

ಅಮೆರಿಕದಲ್ಲಿ ಇದೇ ಪ್ರಶ್ನೆ ರಕ್ತ ಹರಿಸಿತು. 1881ರ ಲೇಖನ ಬರೆದ ಹಾಡ್ಜ್‌ನ ತಂದೆ ಚಾರ್ಲ್ಸ್ ಹಾಡ್ಜ್, ಪ್ರಿನ್ಸ್‌ಟನ್ನಿನ ದೊಡ್ಡ ಪಂಡಿತ. ಗುಲಾಮಗಿರಿ ತನ್ನಷ್ಟಕ್ಕೆ ಪಾಪವೆಂದು ಬೈಬಲ್ ಹೇಳುವುದಿಲ್ಲ ಎಂದು 1836ರಲ್ಲೇ ಬರೆದರು. ಅಕ್ಷರ ಹಿಡಿದು ನೋಡಿದರೆ ಅವರ ಕೈಯಲ್ಲಿ ವಚನಗಳಿದ್ದವು. ಹಳೆಯ ಒಡಂಬಡಿಕೆಯಲ್ಲಿ ಗುಲಾಮರನ್ನು ಕೊಳ್ಳುವ ಕಟ್ಟಳೆ; ಹೊಸ ಒಡಂಬಡಿಕೆಯಲ್ಲಿ ಒಡೆಯರಿಗೆ ವಿಧೇಯರಾಗಿರಿ ಎಂಬ ಪೌಲನ ಉಪದೇಶ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕಥೆಯಲ್ಲಿ ಒಬ್ಬ ಒಡೆಯನ ಮಾತು ಹೇಳುತ್ತಾನೆ. ಭಕ್ತಿ ಹುಟ್ಟಿದ ಮೇಲೆ ಅವನ ಕ್ರೌರ್ಯ ಹೆಚ್ಚಿತು. ಕೈ ಊನವಾದ ಹೆಣ್ಣುಮಗಳನ್ನು ಕಟ್ಟಿಹಾಕಿ ಚಾವಟಿಯಿಂದ ಬಾರಿಸುತ್ತಾ ಬೈಬಲ್ಲಿನ ವಚನ ಹೇಳುತ್ತಿದ್ದ. ವಚನದ ಒಂದಕ್ಷರವೂ ತಪ್ಪಿರಲಾರದು. ಆ ಹೆಣ್ಣಿನ ಬೆನ್ನು ನೋಡಿ ಯಾರಾದರೂ ತಪ್ಪಿಲ್ಲ ಅನ್ನುತ್ತಾರೆಯೇ?

ಅದೇ 1845ರಲ್ಲಿ, ಗುಲಾಮರ ಒಡೆಯರು ಧರ್ಮಪ್ರಚಾರಕರಾಗಬಹುದೇ ಎಂಬ ಜಗಳದಲ್ಲಿ, ದಕ್ಷಿಣದ ಬ್ಯಾಪ್ಟಿಸ್ಟರು ಬೇರೆಯಾಗಿ ತಮ್ಮದೇ ಮಂಡಲಿ ಕಟ್ಟಿಕೊಂಡರು. 1979ರಿಂದ ಆ ಮಂಡಲಿಯ ಚುಕ್ಕಾಣಿ, ಗ್ರಂಥದಲ್ಲಿ ತಪ್ಪಿಲ್ಲವೆಂಬ ಪಕ್ಷದ ಕೈಗೆ ಹೋಗತೊಡಗಿತು. ಗುಲಾಮಗಿರಿಯಲ್ಲಿ ತಮ್ಮ ಪಾಲಿಗೆ ಆ ಮಂಡಲಿ ಕ್ಷಮೆ ಕೇಳಿದ್ದು 1995ರಲ್ಲಿ, ಹುಟ್ಟಿದ 150 ವರ್ಷಕ್ಕೆ. ಕ್ಷಮೆ ಕೇಳಿದ್ದು ಒಳ್ಳೆಯದೇ. ಗ್ರಂಥ ತಪ್ಪಲಿಲ್ಲ, ನಮ್ಮ ಹಿರಿಯರು ಓದಿದ್ದು ತಪ್ಪಿತು ಅನ್ನುವುದು ಇಂಥವರ ಉತ್ತರ. ಇರಲಿ. ಓದುವವನು ತಲೆಮಾರುಗಟ್ಟಲೆ ತಪ್ಪಬಹುದಾದರೆ, ತಪ್ಪಿಲ್ಲದ ಗ್ರಂಥ ಹೊಡೆತ ತಿಂದವನ ಯಾವ ಉಪಯೋಗಕ್ಕೆ ಬಂತು? ಶಿಕಾಗೋ ಹೇಳಿಕೆಯ ಪ್ರಕಾರ ತಪ್ಪಿಲ್ಲದ್ದು ಮೂಲ ಹಸ್ತಪ್ರತಿ. ಆ ಮೂಲ ಪ್ರತಿಗಳಲ್ಲಿ ಒಂದೂ ಇವತ್ತು ಉಳಿದಿಲ್ಲ. ನಕಲುಗಳಿಂದ ಅದರ ಪಾಠವನ್ನು ಬಹುಮಟ್ಟಿಗೆ ಖಚಿತವಾಗಿ ತಿಳಿಯಬಹುದು ಅಂತ ಅವರೇ ಅನ್ನುತ್ತಾರೆ. ಒಪ್ಪೋಣ. ಆದರೂ ಕೇರಿಗೆ ಬಂದು ತಲುಪುವುದು ಮೂಲ ಪ್ರತಿಯಲ್ಲ, ಪೀಠದ ಮೇಲೆ ನಿಂತವನ ಬಾಯಿ. ಗ್ರಂಥಕ್ಕೆ ಕಟ್ಟಿದ ಕಿರೀಟ ಸದ್ದಿಲ್ಲದೆ ಆ ಬಾಯಿಗೆ ಜಾರುತ್ತದೆ.

ಆದರೆ ಸಿದ್ಧಾಂತವೊಂದೇ ಮನುಷ್ಯನನ್ನು ಕ್ರೂರಿ ಮಾಡುತ್ತದೆ ಅನ್ನುವುದೂ ಸುಳ್ಳು. 1881ರ ಲೇಖನದ ಇನ್ನೊಬ್ಬ ಲೇಖಕ ವಾರ್‌ಫೀಲ್ಡ್, ಬಿಡುಗಡೆಯಾದ ಕರಿಯರನ್ನು ಬೇರೆ ಕೂರಿಸುವುದರ ವಿರುದ್ಧ ಅದೇ ದಶಕದಲ್ಲಿ ಬರೆದರು. ಒಂದೇ ನಂಬಿಕೆ, ಎರಡು ಕೈ.

ಈಗ ಹಿಂದೆ ಬಿಟ್ಟು ಬಂದ ಪ್ರಶ್ನೆಗೆ ಬರೋಣ. ಬೇಕಾದ್ದು ಇಟ್ಟು ಬೇಡಾದ್ದು ಬಿಟ್ಟರೆ ಏನಾಗುತ್ತದೆ? 1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸಿನ ನೀಗ್ರೋ ಗುಲಾಮರಿಗಾಗಿ ಆಯ್ದ ಭಾಗಗಳ ಬೈಬಲ್ ಅಚ್ಚಾಯಿತು. ಹಳೆಯ ಒಡಂಬಡಿಕೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮಾಯ, ಹೊಸ ಒಡಂಬಡಿಕೆಯಲ್ಲಿ ಅರ್ಧ ಮಾಯ. ಇಸ್ರಾಯೇಲರು ಐಗುಪ್ತದ ದಾಸ್ಯ ಕಿತ್ತೆಸೆದು ಹೊರಟ ಕತೆ ಇಲ್ಲ. ವಿಧೇಯರಾಗಿರಿ ಎಂಬ ಉಪದೇಶ ಇದೆ. ಒಡೆಯರ ಕತ್ತರಿ ಇದು.

ಇನ್ನೊಂದು ಕತ್ತರಿಯೂ ಇದೆ. ಕರಿಯರ ದೊಡ್ಡ ಚಿಂತಕ ಹೊವಾರ್ಡ್ ಥರ್ಮನ್, 1949ರ ತಮ್ಮ ಪುಸ್ತಕದಲ್ಲಿ ಅಜ್ಜಿ ನ್ಯಾನ್ಸಿ ಆಂಬ್ರೋಸಳ ಬಗ್ಗೆ ಬರೆದಿದ್ದಾರೆ. ಗುಲಾಮಳಾಗಿ ಹುಟ್ಟಿದ ಅಜ್ಜಿಗೆ ಓದು ಬಾರದು. ಮೊಮ್ಮಗ ಬೈಬಲ್ ಓದಿ ಹೇಳಬೇಕು. ಕೀರ್ತನೆಗಳು, ಯೆಶಾಯ, ಸುವಾರ್ತೆಗಳು ಆಗಬಹುದು. ಪೌಲನ ಪತ್ರಗಳು ಮಾತ್ರ ಬ್ಯಾಡ. ಅಪರೂಪಕ್ಕೆ ಪ್ರೀತಿಯ ಬಗೆಗಿನ ಒಂದು ಅಧ್ಯಾಯ, ಅಷ್ಟೇ. ಯಾಕೆಂದು ಮೊಮ್ಮಗ ದೊಡ್ಡವನಾದ ಮೇಲೆ ಕೇಳಿದ. ಒಡೆಯನ ಬಿಳಿ ಪಾದ್ರಿ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಪೌಲನ ಅದೇ ಮಾತು ಹಿಡಿದು, ನೀವು ಗುಲಾಮರಾಗಿರುವುದು ದೇವರ ಇಚ್ಛೆ ಅಂತ ಬೋಧಿಸುತ್ತಿದ್ದ. ಬಿಡುಗಡೆ ಬಂದು, ಓದು ಕಲಿತರೂ ಆ ಭಾಗ ಓದೆನೆಂದು ಅಜ್ಜಿ ದೇವರಿಗೇ ಮಾತು ಕೊಟ್ಟಿದ್ದಳು.

ಒಡೆಯರೂ ಕತ್ತರಿಸಿದರು, ಅಜ್ಜಿಯೂ ಕತ್ತರಿಸಿದಳು. ಎರಡೂ ಒಂದೇಯೇ? ತಪ್ಪಿಲ್ಲದ ಗ್ರಂಥದ ಪಕ್ಷದವರು ಒಂದೇ ಅನ್ನಬೇಕಾಗುತ್ತದೆ. ನಾವು ಅಲ್ಲ ಅನ್ನುತ್ತೇವೆ. ಒಡೆಯರು ಕತ್ತರಿಸಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದೆಂದು. ಅಜ್ಜಿ ಕತ್ತರಿಸಿದ್ದು ತನ್ನ ಕತ್ತಿಗೆ ನೊಗ ಬೀಳಬಾರದೆಂದು. ಒಡೆಯರು ತೆಗೆದದ್ದನ್ನು ಗುಲಾಮರಿಗೆ ತೋರಿಸಲಿಲ್ಲ. ಅಜ್ಜಿ ಮೊಮ್ಮಗನ ಕೈಯಲ್ಲಿ ಇಡೀ ಪುಸ್ತಕ ಇಟ್ಟು, ಕೇಳಿದಾಗ ಕಾರಣ ಹೇಳಿದಳು. ಇಲ್ಲಿ ನಮಗೆ ಅಳತೆಗೋಲು ಸಿಗುತ್ತದೆ. ಒಂದು ಮಾತು ಯಾರ ಬೆನ್ನ ಮೇಲೆ ಬೀಳುತ್ತದೋ, ಅದು ಸರಿಯೋ ತಪ್ಪೋ ಎಂದು ಹೇಳುವ ಸಭೆಯಲ್ಲಿ ಅವರಿಗೆ ಮೊದಲ ಬಾಯಿ ಇರಬೇಕು. ಬಲವಂತನ ಕೈ ಹಿಡಿಯುವುದು ತಪ್ಪಿಲ್ಲದ ಗ್ರಂಥವಲ್ಲ, ಬಾಯಿ ಬಂದ ದುರ್ಬಲ.

ಇದು ದೂರದವರ ಸುದ್ದಿ ಅನ್ನಿಸಿದರೆ ನಮ್ಮ ಭಾಷೆಯನ್ನೇ ನೋಡಿ. ಕನ್ನಡದಲ್ಲಿ ಬೈಬಲ್ಲಿಗೆ 'ಸತ್ಯವೇದ' ಅನ್ನುತ್ತಾರೆ. ನಾವು ಕೇಳಿದರೆ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಶಾಸ್ತ್ರ ಹೇಳಿದ ಅದೇ 'ವೇದ'! ಆ ಹೆಸರಿನ ಪುಸ್ತಕವನ್ನು ನಮ್ಮವರ ಕೈಗೂ ಇಟ್ಟರು ಅನ್ನೋದು ಸಣ್ಣ ಸಂಗತಿಯಲ್ಲ. ಆದರೆ ಪೌಲನ ಗ್ರೀಕಿನಲ್ಲಿ ಕೊಂಡು ಮಾರುವ ಗುಲಾಮನೆಂಬ ಅರ್ಥದ ಪದ, ಕನ್ನಡಕ್ಕೆ ಬರುವಾಗ 'ದಾಸ' ಆಯಿತು. ದಾಸ ಅಂದರೆ ನಮಗೆ ಕನಕದಾಸ, ಪುರಂದರದಾಸ, ತಂಬೂರಿ. ಜೀತದಾಳು ಅಂದಿದ್ದರೆ ಕೊಟ್ಟಿಗೆಯ ಗಂಜಲದ ವಾಸನೆ ಬರುತ್ತಿತ್ತು, ಕೇರಿಯವರು ತಲೆ ಎತ್ತಿ ಪಾದ್ರಿಯ ಮುಖ ನೋಡುತ್ತಿದ್ದರು.

ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟಾಗ ಅದರಲ್ಲಿ ಎಷ್ಟು ಶ್ಲೋಕ ತಪ್ಪು, ಎಷ್ಟು ಪ್ರಕ್ಷಿಪ್ತ ಅಂತ ಲೆಕ್ಕ ಹಾಕಲಿಲ್ಲ. ಶಾಸ್ತ್ರಕ್ಕೆ ಹೊಸ ಅರ್ಥ ಹೊಸೆಯುವುದರಿಂದ ಜಾತಿ ಹೋಗುವುದಿಲ್ಲ, ಶಾಸ್ತ್ರದ ಅಧಿಕಾರವೇ ಹೋಗಬೇಕು ಅಂತ 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದರು. ಲಾಹೋರಿನವರು ಆ ಭಾಷಣದಲ್ಲೂ ಕತ್ತರಿ ಆಡಿಸಲು ಕೇಳಿದರು. ಬಾಬಾಸಾಹೇಬರು ಒಪ್ಪಲಿಲ್ಲ, ಸಭೆಯೇ ರದ್ದಾಯಿತು. ಮನುವಿಗೂ ಬೈಬಲ್ಲಿಗೂ ವ್ಯತ್ಯಾಸವಿದೆ. ಮನುಸ್ಮೃತಿಯಲ್ಲಿ ನಮಗಾಗಿ ಒಂದು ವಿಮೋಚನಕಾಂಡವಿಲ್ಲ. ಹಾಗಾಗಿ ಸುಟ್ಟೆವು. ಅಜ್ಜಿಯ ಕೈಗೆ ಸಿಕ್ಕ ಪುಸ್ತಕದಲ್ಲಿ ಅವಳ ಬಿಡುಗಡೆಯೂ ಇತ್ತು, ಸಂಕೋಲೆಯೂ ಇತ್ತು. ಹಾಗಾಗಿ ಆಯ್ದುಕೊಂಡಳು.

ಕೊನೆಗೆ ನಮಗೇ ಒಂದು ಮಾತು. ನಮ್ಮ ಕಪಾಟಿನಲ್ಲೂ ಕೆಂಪು ರಟ್ಟಿನ, ನೀಲಿ ರಟ್ಟಿನ ಸಂಪುಟಗಳಿವೆ. ಪುಟ ಸಂಖ್ಯೆ ಹೇಳಿ ಎದುರಿನವನ ಬಾಯಿ ಮುಚ್ಚಿಸುವವರು ಚಳವಳಿಯಲ್ಲೂ ಹುಟ್ಟಬಹುದು. ನಮ್ಮ ಹಟ್ಟಿಯ ಹೆಂಗಸೊಬ್ಬಳು ಎದ್ದು, ಈ ಪುಟ ನನಗೆ ಓದಬ್ಯಾಡ ಕಣಪ್ಪ, ಇದು ನನ್ನ ಮೈಮ್ಯಾಲೆ ಬೀಳ್ತದೆ ಅಂದಾಗ, ನಾವು ಅವಳಿಗೆ ಪುಟ ಸಂಖ್ಯೆ ತೋರಿಸುತ್ತೇವೋ, ಪುಸ್ತಕ ಮಡಚಿಟ್ಟು ಅವಳ ಮಾತು ಕೇಳುತ್ತೇವೋ?