ಹಂಗಿಲ್ಲದ ದಾರಿಯುಂಟೆ?

ಮನೆಯನ್ನು ಗಾಡಿಯೊಳಗೆ ಕಟ್ಟಿಕೊಂಡು ಊರೂರು ಸುತ್ತುವವರು ಈಚೆಗೆ ಹೆಚ್ಚುತ್ತಿದ್ದಾರೆ. ವ್ಯಾನಿನೊಳಗೇ ಹಾಸಿಗೆ, ಗ್ಯಾಸಿನ ಒಲೆ, ನೀರಿನ ಟ್ಯಾಂಕು. ಮೇಲೆ ಸೋಲಾರ್ ಫಲಕ. ಬಾಡಿಗೆ ಮನೆ ಬಿಟ್ಟು, ಸಾಮಾನು ಮಾರಿ, ವರ್ಷಗಟ್ಟಲೆ ಹೀಗೆಯೇ ಬದುಕುವವರಿದ್ದಾರೆ. ಒಂದು ಕಾಲಕ್ಕೆ ಯುರೋಪಿನಿಂದ ತುರ್ಕಿ, ಇರಾನ್ ದಾಟಿ ಬರುತ್ತಿದ್ದ ವಿದೇಶಿಯರಷ್ಟೇ ಹೀಗೆ ಬದುಕುತ್ತಾರೆಂದು ನಾವು ತಿಳಿದಿದ್ದೆವು. ಈಗ ನಮ್ಮ ನಗರಗಳ ಗಂಡಹೆಂಡಿರೂ ಹೊರಟಿದ್ದಾರೆ. ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಯೋಜನೆಯನ್ನೇ ತಂದಿತು.

ಇವರ ದಾರಿಯಲ್ಲಿ ಹೊಸಪೇಟೆಗೂ ಒಂದು ಪಾಲಿದೆ. ಹಂಪಿಯನ್ನು ನೋಡಿ ಮುಗಿಸಿದವರಲ್ಲಿ ಹಲವರು ಮುಂದೆ ಹೊರಡುವುದು ಕಡಲಿನ ಕಡೆಗೆ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಹೋಗಿ ಅರಬೈಲ್ ಘಟ್ಟ ಇಳಿದರೆ ಅಂಕೋಲ. ಎಲ್ಲ ಸೇರಿ 300 ಕಿ.ಮೀ.ಗೆ ತುಸು ಕಡಿಮೆ. ಅಲ್ಲಿಂದ ಬಲಕ್ಕೆ ಕಾರವಾರ, ಗೋವಾ. ಎಡಕ್ಕೆ ಗೋಕರ್ಣ, ಹೊನ್ನಾವರ, ಮಂಗಳೂರು. ಸಂಜೆ ಕಡಲಿಗೆ ಮುಖಮಾಡಿ ವ್ಯಾನು ನಿಲ್ಲಿಸಿದರೆ ಆ ರಾತ್ರಿಯ ಮಟ್ಟಿಗೆ ಅದೇ ಊರು, ಅದೇ ಮನೆ.

ಈ ಪ್ರಯಾಣಿಕರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: ನಾವು ಯಾರಿಗೂ ಭಾರವಲ್ಲ, ಯಾರ ಹಂಗಿನಲ್ಲೂ ಇಲ್ಲ. ಮೇಲುನೋಟಕ್ಕೆ ಇದು ಒಳ್ಳೆಯ ಗುಣವೇ. ಆದರೆ ಹಂಗಿಲ್ಲದೆ ದಾರಿ ನಡೆಯಲು ನಿಜಕ್ಕೂ ಸಾಧ್ಯವೆ? ಸಾಧ್ಯವಾದರೆ ಅದು ಯಾರಿಗೆ ಸಾಧ್ಯ?

ಇದೇ ಕರಾವಳಿಯಲ್ಲಿ 1340ರ ದಶಕದಲ್ಲಿ ಇಬ್ನ್ ಬತೂತ ಪ್ರಯಾಣ ಮಾಡಿದ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟವನು ಆತ. ಗೋವಾದಿಂದ ಕೊಲ್ಲಂವರೆಗಿನ ದಾರಿಯನ್ನು ಅವನು ವಿವರವಾಗಿ ಬಣ್ಣಿಸಿದ್ದಾನೆ. ಅರ್ಧ ಮೈಲಿಗೊಂದು ಮರದ ತಂಗುಮನೆ, ಅದರಲ್ಲಿ ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ದಾರಿಹೋಕ ಯಾವ ಧರ್ಮದವನಾದರೂ ಅಲ್ಲಿ ಕೂರಬಹುದಿತ್ತು. ಆದರೆ ಹಿಂದೂಗಳಿಗೆ ಪಾತ್ರೆಯಲ್ಲಿ ನೀರು ಕೊಡುತ್ತಿದ್ದರು, ಮುಸ್ಲಿಮರಿಗೆ ಬೊಗಸೆಗೆ ಹೊಯ್ಯುತ್ತಿದ್ದರು ಎಂಬುದನ್ನೂ ಅವನು ಬರೆದಿಟ್ಟ.

ಈ ಎರಡು ವಿವರಗಳನ್ನೂ ಒಟ್ಟಿಗೇ ಓದಿಕೊಳ್ಳಬೇಕು. ದಾರಿಯುದ್ದಕ್ಕೂ ನೀರಿತ್ತು ಎಂಬುದು ಒಂದು ನಾಡಿನ ದೊಡ್ಡತನ. ಆ ನೀರು ಕುಲಧರ್ಮ ನೋಡಿ ಪಾತ್ರೆಗೋ ಬೊಗಸೆಗೋ ಬೀಳುತ್ತಿತ್ತು ಎಂಬುದು ಅದೇ ನಾಡಿನ ಸಣ್ಣತನ. ಹಂಗು ಎಂಬ ಮಾತಿನೊಳಗೆ ಇರುವುದು ಈ ಬೊಗಸೆಯ ನೆನಪು. ಕೊಡುವವನಿಗೆ ಕೊಡದಿರುವ ಅಧಿಕಾರವೂ ಇರುತ್ತದೆ. ಇಂದಿಗೂ ಹೆಸರು ಕೇಳಿ ಬಾಡಿಗೆ ಮನೆ ನಿರಾಕರಿಸುತ್ತಾರೆ. ಒಂಟಿ ಹೆಂಗಸು ಲಾಡ್ಜಿನ ಮುಂದೆ ನಿಂತರೆ ಮೇಲಿಂದ ಕೆಳಗೆ ನೋಡುತ್ತಾರೆ. ದಲಿತನಿಗೆ ಲೋಟ ಬೇರೆ ಇಟ್ಟ ಹೋಟೆಲುಗಳು ನಮ್ಮ ಸೀಮೆಗೆ ಹೊಸವಲ್ಲ. ಇಂಥ ಊರುಗಳಲ್ಲಿ ಹಾದುಹೋಗುವ ಒಬ್ಬಳು ತನ್ನ ಗಾಡಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ತನ್ನ ಒಲೆಯ ಅನ್ನ ಉಂಡು, ಯಾರ ಅನುಮತಿಯನ್ನೂ ಬೇಡದೆ ಮಲಗುತ್ತಾಳಾದರೆ ಅದನ್ನು ಹಗುರವಾಗಿ ಕಾಣಬಾರದು. ಗಾಲಿಯ ಮೇಲಿನ ಮನೆ ಕೆಲವರಿಗೆ ಶೋಕಿ ಇರಬಹುದು, ಕೆಲವರಿಗೆ ಅದು ಮಾನ.

ಆದರೆ ಆತಿಥ್ಯ ಎಂದರೆ ಇಷ್ಟೇ ಅಲ್ಲ. ಇಬ್ನ್ ಬತೂತ ಹೊನ್ನಾವರದಲ್ಲಿ ಅಲ್ಲಿನ ಸುಲ್ತಾನನ ಬಳಿ ಉಳಿದ. ಆ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದುವೆಂದು ಅವನು ದಾಖಲಿಸಿದ್ದಾನೆ. ಒಂದು ಊರಿನ ಹೆಣ್ಣುಮಕ್ಕಳು ಏನು ಓದುತ್ತಾರೆ ಎಂಬುದು ಕಡಲ ಕಡೆಗೆ ಮುಖಮಾಡಿ ನಿಂತವನಿಗೆ ಕಾಣುವಂಥದ್ದಲ್ಲ. ಯಾರದೋ ಮನೆಯಲ್ಲಿ ಕೂತು, ಮಾತಿಗೆ ಮಾತು ಕೊಟ್ಟವನಿಗೆ ಅದು ತಿಳಿಯುತ್ತದೆ.

ನಮ್ಮ ಕಂಪ್ಲಿಯ ಕಥೆಯನ್ನು ಹೊರಜಗತ್ತಿಗೆ ಹೇಳಿದವನೂ ಇವನೇ. ತುಘಲಕನ ವಿರುದ್ಧ ದಂಗೆಯೆದ್ದ ಅವನದೇ ಬಂಧು ಬಹಾವುದ್ದೀನ್ ಗುರ್ಷಾಸ್ಪ್ ಓಡಿಬಂದು ಕಂಪಿಲರಾಯನ ಆಶ್ರಯ ಬೇಡಿದ. ಕುಮಾರರಾಮನ ತಂದೆ ಕಂಪಿಲರಾಯ ಅವನನ್ನು ಸುಲ್ತಾನನ ಕೈಗೆ ಒಪ್ಪಿಸಲಿಲ್ಲ. ದಂಡು ಬಂದು ಮುತ್ತಿತು, ಕೋಟೆಯೊಳಗೆ ಧಾನ್ಯ ಮುಗಿಯುತ್ತ ಬಂತು. ಆಗಲೂ ರಾಯ ಮೊದಲು ಮಾಡಿದ್ದು ಅತಿಥಿಯನ್ನು ನೆರೆಯ ದೊರೆಯ ಬಳಿಗೆ ಸಾಗಿಸುವ ಕೆಲಸ. ಆಮೇಲೆ ಹೋರಾಡಿ ಸತ್ತ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. 1327ರ ಹೊತ್ತಿಗೆ ಕಂಪಿಲಿ ರಾಜ್ಯ ಮುಗಿಯಿತು. ನೆರೆಯ ದೊರೆ ಅತಿಥಿಯನ್ನು ಹಿಡಿದು ಒಪ್ಪಿಸಿದ.

ಆಶ್ರಯ ಕೊಟ್ಟವನು ಹಿಂದೂ, ಕೇಳಿದವನು ಮುಸ್ಲಿಂ, ಬೆನ್ನಟ್ಟಿದವನೂ ಮುಸ್ಲಿಂ, ಇದನ್ನು ಮೆಚ್ಚುಗೆಯಿಂದ ಬರೆದವನೂ ಮುಸ್ಲಿಂ. ಕಂಪ್ಲಿಯ ಕಥೆಯನ್ನು ಎರಡು ಧರ್ಮಗಳ ಜಗಳವಾಗಿ ಮಾತ್ರ ಹೇಳುವವರಿಗೆ ಈ ಭಾಗ ತೊಡಕಾಗುತ್ತದೆ. ಇನ್ನೊಂದು ಮಾತನ್ನೂ ಇಲ್ಲಿ ಗಮನಿಸಬೇಕು. ಆತಿಥ್ಯದ ಬೆಲೆ ತೆತ್ತವನು ರಾಜನೊಬ್ಬನೇ ಅಲ್ಲ. ಆತಿಥ್ಯದ ಕೀರ್ತಿ ಮನೆಯ ಯಜಮಾನನಿಗೆ, ಅದರ ಬೇಗೆ ಮನೆಯ ಹೆಂಗಸರಿಗೆ ಎಂಬುದು ಅರಮನೆಯಲ್ಲೂ ನಿಜ, ಗುಡಿಸಲಲ್ಲೂ ನಿಜ.

ಹಾಗಾದರೆ ದಾರಿಹೋಕನನ್ನು ಒಬ್ಬರ ದಯೆಗೆ ಬಿಡದೆ, ಒಂದು ಮನೆಯ ಮೇಲೂ ಹೊರಿಸದೆ, ನೋಡಿಕೊಳ್ಳುವ ದಾರಿ ಯಾವುದು? ಹಂಪಿಯಲ್ಲೇ ಇದಕ್ಕೊಂದು ಹಳೆಯ ಉತ್ತರವಿದೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಅಲ್ಲಿ ಮಸೀದಿಯೊಂದನ್ನು ಕಟ್ಟಿಸಿದ. ಅದಕ್ಕೆ ಗುಮ್ಮಟವಿಲ್ಲ, ನೋಡಲು ಹಂಪಿಯ ಉಳಿದ ಮಂಟಪಗಳಂತೆಯೇ ಇದೆ. ಅಲ್ಲಿನ ಕನ್ನಡ ಶಾಸನ ಅದನ್ನು ಕರೆದಿರುವುದು ಧರ್ಮಸಾಲೆಯೆಂದು. ಪಕ್ಕದಲ್ಲಿ ಬಾವಿಯನ್ನೂ ತೋಡಿಸಿದ. ನೆರಳು ಮತ್ತು ನೀರು: ದಾರಿಯಲ್ಲಿರುವವರಿಗೆ ಮೊದಲು ಬೇಕಾದ ಎರಡೇ ವಸ್ತು. ಅದರ ಪುಣ್ಯ ತನ್ನ ಅರಸನಿಗೆ ಸಲ್ಲಲಿ ಎಂದು ಆತ ಬಯಸಿದ್ದ.

ಕುರ್‌ಆನಿನಲ್ಲಿ ಪ್ರಯಾಣಿಕನಿಗೆ ‘ಇಬ್ನುಸ್ಸಬೀಲ್’ ಎಂಬ ಹೆಸರಿದೆ. ಅಂದರೆ ದಾರಿಯ ಮಗ. ಝಕಾತ್ ಸಲ್ಲಬೇಕಾದ ಎಂಟು ವರ್ಗಗಳಲ್ಲಿ ಅವನೂ ಒಬ್ಬ. ಊರಿನಲ್ಲಿ ಅನುಕೂಲಸ್ಥನಾಗಿದ್ದರೂ ದಾರಿಯಲ್ಲಿ ಕೈ ಖಾಲಿಯಾದರೆ ಅವನು ಅದಕ್ಕೆ ಅರ್ಹನೆನ್ನುತ್ತಾರೆ ಧರ್ಮಶಾಸ್ತ್ರಜ್ಞರು. ಇಲ್ಲಿ ಮುಖ್ಯವಾದುದು ಹಣವಲ್ಲ, ಅದನ್ನು ಹಕ್ಕೆಂದು ಎಣಿಸಿದ್ದು. ಶರಣರ ಜಂಗಮದ ಕಲ್ಪನೆಯಲ್ಲೂ ಚಲಿಸುವವನು ಭಿಕ್ಷುಕನಲ್ಲ. ದಾಸೋಹ ಮಾಡುವವನು ಅವನಿಗೆ ಋಣಿ. ಹಂಗು ಮನುಷ್ಯನನ್ನು ಬಗ್ಗಿಸುತ್ತದೆ. ಹಕ್ಕು ಅವನನ್ನು ನೇರವಾಗಿ ನಿಲ್ಲಿಸುತ್ತದೆ. ಹಕ್ಕಿನಿಂದ ಪಡೆದವನಿಗೂ ಋಣ ಉಳಿಯುತ್ತದೆ, ಆದರೆ ಆ ಋಣದಲ್ಲಿ ಅವಮಾನವಿಲ್ಲ.

ಈ ಅಳತೆಗೋಲು ಹಿಡಿದು ನಮ್ಮ ರಸ್ತೆಯನ್ನು ನೋಡೋಣ. ವ್ಯಾನಿನ ದಂಪತಿ ಹೋಗುವ ಅಂಕೋಲ ರಸ್ತೆಯಲ್ಲೇ, 2010ಕ್ಕೆ ಹಿಂದಿನ ಕೆಲವು ವರ್ಷ, ಸಂಡೂರಿನ ಅದಿರು ಹೊತ್ತ ಲಾರಿಗಳು ಬೇಲೆಕೇರಿ, ಕಾರವಾರ ಬಂದರುಗಳಿಗೆ ಸಾಲುಗಟ್ಟಿ ಹೋಗುತ್ತಿದ್ದುವು. ಚೀನಾದ ಬೇಡಿಕೆ ಏರಿದ ಕಾಲವದು. ಚಾಲಕ ಮತ್ತು ಕ್ಲೀನರ್ ಲಾರಿಯಲ್ಲೇ ಮಲಗುತ್ತಿದ್ದರು, ಲಾರಿಯ ಕೆಳಗೇ ಸ್ಟೌ ಹಚ್ಚಿ ಅಡುಗೆ ಮಾಡುತ್ತಿದ್ದರು, ಕೆಂಪು ಧೂಳನ್ನೇ ಉಸಿರಾಡುತ್ತಿದ್ದರು. ಅವರದೂ ಗಾಲಿಯ ಮೇಲಿನ ಮನೆಯೇ, ಅವರ ದಾರಿಯ ಕೊನೆಯಲ್ಲೂ ಅದೇ ಕಡಲು. ಅವರ ಬದುಕನ್ನು ಯಾರೂ ಸ್ವಾತಂತ್ರ್ಯವೆನ್ನಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಬೆಟ್ಟಗಳಿಗೆ ಅದು ಬೇಕಿತ್ತು. ಆದರೆ ಸಾಲ ಮಾಡಿ ಲಾರಿ ಕೊಂಡವರು ನಿಂತಲ್ಲೇ ನಿಂತರು.

ಲಂಬಾಣಿಗಳ ಕಥೆ ಇನ್ನೂ ಹಳೆಯದು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ನಂಟು ಕಟ್ಟಿದವರು ಅವರು. ರೈಲು ಬಂದು ಆ ಕಸುಬು ಹೋಯಿತು. 1871ರಿಂದ ಬಂದ ಅಪರಾಧಿ ಬುಡಕಟ್ಟು ಕಾಯಿದೆಗಳು ಅಲೆಮಾರಿತನವನ್ನೇ ಗುಮಾನಿಯಿಂದ ನೋಡಿದುವು; ಅವು ಪೂರ್ತಿ ರದ್ದಾದದ್ದು 1952ರಲ್ಲಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಹೆಂಗಸರ ಕಸೂತಿ ಗಿನ್ನೆಸ್ ದಾಖಲೆಗೆ ಸೇರಿತು. ಸಂತೋಷದ ಸಂಗತಿ. ಆದರೆ ಉತ್ತರ ಕರ್ನಾಟಕದಿಂದ ಹೋಗಿ ಗೋವಾದ ಕಡಲತೀರದಲ್ಲಿ ಇಂಥದೇ ಬಟ್ಟೆ, ಸರ ಮಾರುವ ಲಂಬಾಣಿ ಹೆಂಗಸರನ್ನು ಕಿರಿಕಿರಿಯೆಂದು ಎಬ್ಬಿಸುತ್ತಾರೆ. ಅದೇ ಮರಳಿನ ಅಂಚಿನಲ್ಲಿ ನಿಂತ ವ್ಯಾನಿನವರನ್ನು ಪ್ರವಾಸಿಗರೆನ್ನುತ್ತಾರೆ. ಇಬ್ಬರೂ ಊರು ಬಿಟ್ಟು ಬಂದವರು. ಒಬ್ಬರು ಖರ್ಚು ಮಾಡಲು ಬಂದವರು, ಇನ್ನೊಬ್ಬರು ದುಡಿಯಲು.

ಯಾರಿಗೂ ಭಾರವಲ್ಲ ಎಂಬ ಮಾತನ್ನು ಈಗ ಮತ್ತೆ ಕೇಳಿಕೊಳ್ಳಬಹುದು. ವ್ಯಾನು ನಿಂತ ಜಾಗ ದೋಣಿ ಎಳೆಯುವ ಜಾಗವಿರಬಹುದು, ಮೀನು ಒಣಗಿಸುವ ಮರಳಿರಬಹುದು. ಟ್ಯಾಂಕಿಗೆ ತುಂಬಿದ ನೀರು ಯಾವುದೋ ಕೇರಿಯ ನಲ್ಲಿಯದು. ತೊಳೆದು ಚೆಲ್ಲಿದ್ದು ಯಾರದೋ ಅಂಗಳದ ಕೆಳಗೆ ಹರಿಯುತ್ತದೆ. ಅಂದರೆ ಭಾರ ಇದ್ದೇ ಇದೆ. ಹೊತ್ತವರ ಮುಖ ಮಾತ್ರ ಕಾಣುತ್ತಿಲ್ಲ. ಹಾಗೆಂದು ಅಲೆಯುವುದೇ ತಪ್ಪೆನ್ನಲಾಗದು. ಸಂಡೂರಿನ ಬೆಟ್ಟಗಳನ್ನು ಬಗೆದು ಮಾರಿಸಿದವರು ವ್ಯಾನಿನವರಲ್ಲ, ದೊಡ್ಡ ದೊಡ್ಡ ಮನೆಗಳಲ್ಲಿ ನೆಲೆ ನಿಂತವರು.

ಸುತ್ತುತ್ತಲೇ ಋಣ ತೀರಿಸುವವರನ್ನು ನಮ್ಮ ಹೊಲಗಳಲ್ಲೇ ನೋಡಬಹುದು. ಬೇಸಗೆಯಲ್ಲಿ ಕುರಿಗಾರರು ಕೋಳಿ, ನಾಯಿ, ಮಕ್ಕಳ ಸಮೇತ ಹೊರಟು ಊರಿಂದೂರಿಗೆ ಮಂದೆ ಹೊಡೆದುಕೊಂಡು ಹೋಗುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಲು ರೈತನೇ ಕರೆಯುತ್ತಾನೆ, ಅದಕ್ಕಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಬೆಳಿಗ್ಗೆ ಅವರು ಹೋದ ಮೇಲೆ ಹೊಲಕ್ಕೆ ಗೊಬ್ಬರ ಉಳಿದಿರುತ್ತದೆ. ಇಲ್ಲಿ ಕೇಳುವವನೂ ಕೊಡುವವನೂ ಬೇರೆಬೇರೆಯಲ್ಲ. ಮೊದಲು ಒಂದು ಮಾತುಕತೆ ನಡೆದಿರುತ್ತದೆ, ಅಷ್ಟೇ. ವ್ಯಾನಿನವರು ಕಲಿಯಬೇಕಾದ್ದು ಆ ಮಾತುಕತೆಯನ್ನು. ಇಲ್ಲಿ ನಿಲ್ಲಬಹುದೆ ಎಂದು ಹತ್ತಿರದ ಮನೆಯವರನ್ನು ಕೇಳಿದರೆ ಸ್ವಾತಂತ್ರ್ಯಕ್ಕೇನೂ ಕುಂದಿಲ್ಲ. ಇಲ್ಲ ಎಂದರೆ ಮುಂದೆ ಹೋಗಲು ಗಾಲಿಗಳಿವೆ. ಕೇರಿಯವರಿಗೆ ಆ ಅನುಕೂಲವಿಲ್ಲ.

ಅವರಿಗೆ ಇಲ್ಲವೆಂಬುದನ್ನು ನಾವು ಎರಡು ಸಲ ಕಣ್ಣಾರೆ ಕಂಡಿದ್ದೇವೆ. ಗಣಿ ನಿಂತ ಅದೇ 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ವಾಸವಿದ್ದವರನ್ನು ತೆರವು ಮಾಡಲಾಯಿತು. 2020ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ, ನದಿಯಾಚೆಯ ವಿರೂಪಾಪುರ ಗಡ್ಡೆಯ ವಸತಿಗೃಹಗಳು ನೆಲಸಮವಾದುವು. ಸ್ಮಾರಕಗಳನ್ನು ಕಾಯುವುದು ಅಗತ್ಯ, ಕಾನೂನು ಮೀರಿದ ಕಟ್ಟಡಗಳ ಪರವಾಗಿ ವಾದಿಸುವುದೂ ಕಷ್ಟ. ಆದರೂ ಪ್ರಯಾಣಿಕನಿಗೆ ಅನ್ನವಿಟ್ಟು ಬದುಕುತ್ತಿದ್ದವರು ಹೋದ ಮೇಲೆ ಉಳಿಯುವ ಕಲ್ಲುಗಳು ನೋಡಲು ಸರಿ, ತಂಗಲು ಅಲ್ಲ.

ಕ್ಯಾರವಾನ್‌ಗಳಿಗೆ ನೀರು, ಕರೆಂಟು, ಶೌಚಾಲಯವಿರುವ ತಂಗುದಾಣ ಕಟ್ಟಬೇಕೆಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಕಟ್ಟಲಿ. ಆದರೆ ಅದರ ಗೇಟಿನಲ್ಲಿ ಲಾರಿ ಚಾಲಕನಿಗೂ ಸ್ನಾನಕ್ಕೆ ನೀರು ಸಿಗಲಿ. ಕಬ್ಬು ಕಡಿಯಲು ಮಕ್ಕಳೊಂದಿಗೆ ಹೊರಟ ಕುಟುಂಬಕ್ಕೂ ಒಂದು ರಾತ್ರಿಯ ಸೂರು ಸಿಗಲಿ. ಕುರಿಗಾರನ ಹೆಂಡತಿಗೂ ಬಾಗಿಲಿರುವ ಶೌಚಾಲಯ ಸಿಗಲಿ. ಹೆಸರು ಕೇಳದೆ, ಜೇಬು ನೋಡದೆ ಇವರಿಗೆಲ್ಲ ಜಾಗ ಕೊಟ್ಟರೆ ಅಹಮದ್ ಖಾನನ ಬಾವಿಯ ಕೆಲಸ ಮುಂದುವರಿದಂತೆ. ಹಣವಿದ್ದವರಿಗೆ ಮಾತ್ರ ಕೊಟ್ಟರೆ, ಬೊಗಸೆಗೆ ಹೊಯ್ಯುತ್ತಿದ್ದ ನೀರನ್ನೂ ನಾವು ನಿಲ್ಲಿಸಿದಂತೆ.