ತಮ್ಮನ ಕೈಯಳತೆ

ಒಬ್ಬರಿಗೋಸ್ಕರವೇ ಒಂದು ವಸ್ತುವನ್ನು ಮಾಡಿಸುವ ರೂಢಿ ನಮ್ಮ ಬದುಕಿನಿಂದ ಸದ್ದಿಲ್ಲದೆ ಹಿಂದೆ ಸರಿಯುತ್ತಿದೆ. ಬಡಗಿ ಮನೆಗೇ ಬಂದು ಜಗುಲಿಯಲ್ಲಿ ಕೂತು ತೊಟ್ಟಿಲು ಮಾಡುತ್ತಿದ್ದ, ಮದುಮಗಳ ಕೈಗೆ ದಾರ ಸುತ್ತಿ ಅಕ್ಕಸಾಲಿಗ ಬಳೆಯ ಅಳತೆ ತೆಗೆಯುತ್ತಿದ್ದ, ಕಾಗದದ ಮೇಲೆ ಅಜ್ಜನ ಪಾದವಿಟ್ಟು ಸುತ್ತ ಗೆರೆ ಎಳೆದುಕೊಂಡು ಹೋಗಿ ಚಪ್ಪಲಿ ಹೊಲಿದು ತರುವವರಿದ್ದರು. ಅಳತೆ ಕೊಡುವುದೆಂದರೆ ತನ್ನ ಮೈಯನ್ನು ಇನ್ನೊಬ್ಬರು ಗಮನವಿಟ್ಟು ನೋಡಲು ಬಿಡುವುದು, ಅಳತೆ ತೆಗೆಯುವುದೆಂದರೆ ಹಾಗೆ ನೋಡಲು ಒಪ್ಪಿಕೊಳ್ಳುವುದು. ಈಗ ಅಳತೆಗಳು ಸಿದ್ಧವಾಗಿಯೇ ಬರುತ್ತವೆ, ನಾವು ಅವುಗಳಲ್ಲೊಂದಕ್ಕೆ ಹೊಂದಿಕೊಳ್ಳುತ್ತೇವೆ. ಇದರಿಂದ ಬದುಕು ಅಗ್ಗವೂ ಸುಲಭವೂ ಆಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರೀತಿಪಾತ್ರರಿಗೆ ಏನಾದರೂ ಕೊಡಬೇಕೆನಿಸಿದಾಗ ಅವರ ಅಳತೆ ನಮಗೆಷ್ಟು ಗೊತ್ತು ಎಂಬ ಪ್ರಶ್ನೆ ಏಳುವುದೇ ಇಲ್ಲವಲ್ಲ, ಅದು ನನ್ನನ್ನು ಕಾಡುತ್ತದೆ.

ಈ ಯೋಚನೆಗೆ ಕಾರಣ ಪರಿಚಯದ ಒಬ್ಬ ಹೆಣ್ಣುಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಆಕೆಯ ತಮ್ಮ ಕರಾವಳಿಯ ಒಂದು ಊರಿನಲ್ಲಿ ಮೇಷ್ಟ್ರು. ಭಾನುವಾರ ಚರ್ಚಿನ ಗಾಯನ ತಂಡದ ಜೊತೆ ಗಿಟಾರ್ ನುಡಿಸುವುದು ಅವನಿಗೆ ಹುಡುಗನಾಗಿದ್ದಾಗಿನಿಂದ ಬಂದ ಕೆಲಸ. ಅವನಿಗೆ ಐವತ್ತು ತುಂಬುವ ಹೊತ್ತಿಗೆ, ಅವನಿಗೆ ತಿಳಿಯದ ಹಾಗೆ, ಕೈಯಲ್ಲೇ ಮಾಡಿದ ಒಂದು ಗಿಟಾರನ್ನು ಮಾಡಿಸಿಕೊಡಬೇಕೆಂದು ಆಕೆ ನಿಶ್ಚಯಿಸಿದರು. ಹಣವನ್ನು ಹೇಗೋ ಹೊಂದಿಸಿಕೊಂಡು, ಗಿಟಾರ್ ಮಾಡುವವರೊಬ್ಬರನ್ನು ಹುಡುಕಿ ಮುಂಗಡ ಕೊಡಲು ಹೋದರು. ಅವರು ಮುಂಗಡ ತೆಗೆದುಕೊಳ್ಳಲಿಲ್ಲ. ಪ್ರಶ್ನೆ ಕೇಳತೊಡಗಿದರು.

"ಮೇಡಂ, ಅವರು ಪಿಕ್ ಹಿಡೀತಾರಾ, ಬರೀ ಬೆರಳಲ್ಲಿ ನುಡಿಸ್ತಾರಾ? ಕೂತು ನುಡಿಸೋದಾ, ನಿಂತಾ? ಬೆರಳು ಉದ್ದನಾ, ಗಿಡ್ಡನಾ? ಎಡಗೈ ಹೆಬ್ಬೆರಳು ನೆಕ್ ಹಿಂದೇನೇ ಇರುತ್ತಾ, ಮೇಲಿಂದ ಇಣುಕುತ್ತಾ?"

ಇವು ಕೆಲಸಕ್ಕೆ ಬೇಕಾದ ಪ್ರಶ್ನೆಗಳೇ. ತಂತಿಗಳು ನೆಕ್ಕಿನ ತಲೆಯ ಕಡೆ ಹಾದುಹೋಗುವಲ್ಲಿ ಅಗಲ 43 ಮಿಲಿಮೀಟರ್ ಇದ್ದರೆ ಒಂದು ಬಗೆಯ ಕೈಗೆ ಹಿತ, 45ರ ಹತ್ತಿರ ಹೋದರೆ ಇನ್ನೊಂದು ಬಗೆಯ ಕೈಗೆ. ಆ ಎರಡು ಮಿಲಿಮೀಟರಿನ ಅಂತರ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಆದರೆ ಆಕೆಯ ಬಳಿ ಒಂದಕ್ಕೂ ಉತ್ತರವಿರಲಿಲ್ಲ. ತಮ್ಮನ ರಾಜಕೀಯ ನಿಲುವು ಗೊತ್ತಿತ್ತು, ಯಾವ ಮೀನು ಮುಟ್ಟುವುದಿಲ್ಲ ಎಂದು ಗೊತ್ತಿತ್ತು, ಯಾವ ಮಾತಿಗೆ ಸಿಟ್ಟಾಗುತ್ತಾನೆ ಎಂಬುದಂತೂ ಚೆನ್ನಾಗಿಯೇ ಗೊತ್ತಿತ್ತು. ಮೂರು ದಶಕಕ್ಕೂ ಮೇಲ್ಪಟ್ಟು ಕಣ್ಣೆದುರೇ ತಂತಿ ಮೀಟಿದ ಆ ಕೈ ಎಂಥದ್ದು ಎಂಬುದು ಮಾತ್ರ ಗೊತ್ತಿರಲಿಲ್ಲ.

ನಮ್ಮಲ್ಲಿ ಎಷ್ಟು ಜನರಿಗೆ ಇದು ಅನ್ವಯಿಸುವುದಿಲ್ಲ? ಹತ್ತಿರದವರ ಅಭಿಪ್ರಾಯಗಳನ್ನು ನಾವು ಬಾಯಿಪಾಠ ಮಾಡಿಕೊಂಡಿರುತ್ತೇವೆ, ಏಕೆಂದರೆ ಅವುಗಳೊಡನೆ ನಮಗೆ ದಿನನಿತ್ಯದ ಜಗಳವಿದೆ. ಅವರು ಒಬ್ಬರೇ ಮೈಮರೆತು ಮಾಡುವ ಕೆಲಸದಲ್ಲಿ ಹೇಗೆ ಕೂರುತ್ತಾರೆ, ಉಸಿರು ಎಲ್ಲಿ ಹಿಡಿಯುತ್ತಾರೆ, ಯಾವ ಬೆರಳಿಗೆ ಹೆಚ್ಚು ಕೆಲಸ ಕೊಡುತ್ತಾರೆ ಎಂಬುದು ಯಾವ ವಾದಕ್ಕೂ ಬೇಕಾಗುವುದಿಲ್ಲವಾದ್ದರಿಂದ ನಮ್ಮ ಗಮನಕ್ಕೇ ಬರುವುದಿಲ್ಲ. ಒಬ್ಬ ಮನುಷ್ಯ ಅತ್ಯಂತ ನಿಜವಾಗಿರುವುದು ಅಂಥ ಹೊತ್ತಿನಲ್ಲಿಯೇ ಎಂದು ನನಗೆ ತೋರುತ್ತದೆ. ಅಮ್ಮ ರೊಟ್ಟಿ ತಟ್ಟುವಾಗ, ಅಪ್ಪ ಲೆಕ್ಕ ಬರೆಯುವಾಗ ನಾವು ಅವರನ್ನು ನೋಡಿದ್ದೇವೆಯೇ, ಅಥವಾ ರೊಟ್ಟಿಯನ್ನೂ ಲೆಕ್ಕವನ್ನೂ ಮಾತ್ರ ನೋಡಿದ್ದೇವೆಯೇ?

ಆ ಸೆಪ್ಟೆಂಬರಿನಲ್ಲಿ ಕರಾವಳಿಯ ಕ್ರೈಸ್ತರ ಹಬ್ಬವಾದ ಮೊಂತಿ ಫೆಸ್ತ್‌ಗೆ ಊರಿಗೆ ಹೋದಾಗ, ತಮ್ಮ ಪೇಟೆಗೆ ಹೋದ ಹೊತ್ತು ನೋಡಿ, ಆಕೆ ಅವನ ಹಳೆಯ ಗಿಟಾರನ್ನು ಕೈಗೆತ್ತಿಕೊಂಡರು. ಗಿಟಾರ್ ಮಾಡುವವರು ಫೋಟೋ ತೆಗೆದುಕೊಂಡು ಬರಲು ಹೇಳಿದ್ದರು. ಮೊದಲ ಮೂರು ಫ್ರೆಟ್‌ಗಳ ಲೋಹದಲ್ಲಿ, ಸಣ್ಣ ತಂತಿಗಳ ಕೆಳಗೆ, ಕಣ್ಣಿಗೆ ಕಾಣುವಷ್ಟು ತಗ್ಗು ಬಿದ್ದಿತ್ತು, ಅಲ್ಲಿನ ಮರವೂ ಬೆರಳತುದಿಯ ಆಕಾರಕ್ಕೆ ಸವೆದಿತ್ತು. ಐದನೆಯ ಫ್ರೆಟ್ ದಾಟಿದರೆ ಎಲ್ಲವೂ ಅಂಗಡಿಯಿಂದ ತಂದ ದಿನದಷ್ಟೇ ಹೊಳಪು. ನೆಕ್ಕಿನ ಬೆನ್ನಿನಲ್ಲಿ, ಎರಡನೆಯ ಫ್ರೆಟ್ಟಿನ ಆಸುಪಾಸು, ಶ್ರುತಿ ಏರಿಸಲು ನೆಕ್ಕಿಗೆ ಬಿಗಿಯುವ ಕಾಪೊ ಎಂಬ ಹಿಡಿಕೆ ಕಚ್ಚಿ ಕಚ್ಚಿ ಬಿದ್ದ ಗುರುತು. ಮೇಲಂಚಿನಲ್ಲಿ ಮುಂಗೈ ಒರಗುವ ಕಡೆ ಬೆವರಿಗೆ ಪಾಲಿಶ್ ಎದ್ದುಹೋಗಿ ಮರ ಬರಿದಾಗಿತ್ತು. ಫೋಟೋಗಳನ್ನು ಬಹಳ ಹೊತ್ತು ನೋಡಿ ಗಿಟಾರ್ ಮಾಡುವವರು ಹೇಳಿದರಂತೆ: "ಇವರು ಒಬ್ಬರೇ ನುಡಿಸೋರಲ್ಲ ಮೇಡಂ, ಹಾಡೋರಿಗೋಸ್ಕರ ನುಡಿಸೋರು. ಮೇಲಿನ ಫ್ರೆಟ್‌ಗೆ ಕೈಯೇ ಹೋಗಿಲ್ಲ ನೋಡಿ. ಹಾಡೋರ ಶ್ರುತಿ ಏರಿದ್ರೆ ಕಾಪೊ ಹಾಕ್ಕೊಂಡು ಅವರ ಹಿಂದೇನೇ ಹೋಗಿದ್ದಾರೆ."

ಅಕ್ಕನಿಗೆ ತಿಳಿಯದಿದ್ದದ್ದು ಸವೆದ ಮರಕ್ಕೆ ತಿಳಿದಿತ್ತು. ತಮ್ಮ ತನ್ನ ಕಲೆಯನ್ನು ಇಷ್ಟು ವರ್ಷ ಬೇರೆಯವರ ದನಿಗೆ ಆಸರೆಯಾಗಿ ಕೊಟ್ಟಿದ್ದಾನೆ, ಒಂದು ಸಲವೂ ಮುಂದೆ ಬಂದು ತನ್ನದೇ ರಾಗ ನುಡಿಸಿಲ್ಲ ಎಂಬುದನ್ನು ಒಬ್ಬ ಅಪರಿಚಿತರ ಬಾಯಿಂದ ಕೇಳಬೇಕಾಯಿತು. ಅಚ್ಚರಿಯ ಉಡುಗೊರೆಯಲ್ಲಿ ಮೊದಲ ಅಚ್ಚರಿ ಸಿಕ್ಕಿದ್ದು ಕೊಡುವ ಆಕೆಗೇ. ತಮ್ಮನನ್ನೇ ಕೇಳಿಬಿಡಬಹುದಾಗಿದ್ದರೆ ಆಕೆ ಹೀಗೆ ನೋಡುತ್ತಲೇ ಇರಲಿಲ್ಲ. ಗುಟ್ಟು ಆಕೆಯನ್ನು ನೋಡುವಂತೆ ಮಾಡಿತು.

ಇನ್ನೊಂದು ಪ್ರಶ್ನೆಯೂ ಇತ್ತು: ಈ ಗಿಟಾರ್ ಯಾವ ಊರಿನಲ್ಲಿ ಬಾಳಬೇಕು? ಮರ ಸತ್ತ ಮೇಲೂ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಗಿಟಾರ್ ಮಾಡುವ ಕೋಣೆಯಲ್ಲಿ ತೇವಾಂಶವನ್ನು ಶೇ. 45ರಿಂದ 50ರ ಆಸುಪಾಸು ಕಾಯುತ್ತಾರೆ. ಮಳೆಗಾಲದ ಕರಾವಳಿಯಲ್ಲಿ ಅದು ಶೇ. 80 ದಾಟುವುದು ಮಾಮೂಲು. ಆಗ ಮುಂಭಾಗದ ಹಲಗೆ ಉಬ್ಬುತ್ತದೆ, ತಂತಿಗಳು ಮೇಲೇಳುತ್ತವೆ, ಒತ್ತುವ ಬೆರಳಿಗೆ ನೋವಾಗುತ್ತದೆ. ವಾದ್ಯವನ್ನು ಒಬ್ಬರಿಗೆಂದು ಮಾಡುವವರು ಅವರ ಊರಿನ ಆಷಾಢವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಕಸುಬಿನಲ್ಲಿ ನನಗೆ ಮತ್ತೆ ಮತ್ತೆ ಬೆರಗು ಹುಟ್ಟಿಸುವುದು ಆ ಮುಂಭಾಗದ ಹಲಗೆ. ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು, ಮೂರು ಮಿಲಿಮೀಟರಿಗಿಂತ ದಪ್ಪವಿರುವುದು ಅಪರೂಪ. ಒಂದೇ ತುಂಡನ್ನು ತೆಳ್ಳಗೆ ಸೀಳಿ, ಪುಸ್ತಕ ಬಿಡಿಸಿದ ಹಾಗೆ ತೆರೆದು ನಡುವೆ ಜೋಡಿಸುತ್ತಾರೆ. ಉಕ್ಕಿನ ಆರು ತಂತಿಗಳನ್ನು ಶ್ರುತಿಗೆ ಬಿಗಿದರೆ ಒಟ್ಟು ಎಳೆತ ಎಪ್ಪತ್ತು ಕಿಲೋಗೂ ಮಿಗಿಲು, ಅಂದರೆ ಒಬ್ಬ ವಯಸ್ಕ ಮನುಷ್ಯನ ಭಾರ, ಹಗಲಿರುಳು. ಹಲಗೆಯನ್ನು ದಪ್ಪ ಬಿಟ್ಟರೆ ಭಾರ ತಡೆಯುತ್ತದೆ, ದನಿ ಸಾಯುತ್ತದೆ. ತೀರ ತೆಳುವಾಗಿಸಿದರೆ ದನಿ ಬರುತ್ತದೆ, ವಾದ್ಯ ಬಾಳುವುದಿಲ್ಲ. ಆದ್ದರಿಂದ ಮಾಡುವವರು ಹಲಗೆಯನ್ನು ಎರಡು ಬೆರಳಲ್ಲಿ ತೂಗಾಡಿಸಿ ಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಇನ್ನಿಷ್ಟು ಹೆರೆದು, ಮತ್ತೆ ತಟ್ಟುತ್ತಾರೆ. ಒಂದೇ ಮರದ ಎರಡು ಹಲಗೆ ಒಂದೇ ದಪ್ಪದಲ್ಲಿ ಒಂದೇ ದನಿ ಕೊಡುವುದಿಲ್ಲವಾದ್ದರಿಂದ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯಾವ ಪಟ್ಟಿಯೂ ಹೇಳಿಕೊಡುವುದಿಲ್ಲ. ಸ್ಪೇನಿನ ಆಂಟೋನಿಯೋ ಡೆ ಟೋರೆಸ್, ಇಂದಿನ ಕ್ಲಾಸಿಕಲ್ ಗಿಟಾರಿಗೆ ರೂಪ ಕೊಟ್ಟ ಮಹಾನುಭಾವ, 1862ರಲ್ಲಿ ಬೆನ್ನನ್ನೂ ಪಕ್ಕಗಳನ್ನೂ ಬರೀ ರಟ್ಟಿನಲ್ಲಿ ಮಾಡಿ, ಮುಂಭಾಗಕ್ಕೆ ಮಾತ್ರ ಮರ ಹಾಕಿ ಒಂದು ಗಿಟಾರ್ ಮಾಡಿದ್ದ. ದನಿಯ ಜೀವ ಇರುವುದು ಆ ಹಲಗೆಯಲ್ಲಿ ಎಂದು ತೋರಿಸಬೇಕಿತ್ತು ಅವನಿಗೆ. ಆ ರಟ್ಟಿನ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ಸಂಗ್ರಹಾಲಯದಲ್ಲಿದೆ.

ಹಾಗೆಂದು ಬೆನ್ನಿನ ಮರ ಲೆಕ್ಕಕ್ಕಿಲ್ಲವೆಂದಲ್ಲ. ಅಲ್ಲಿ ನಮ್ಮ ಮಲೆನಾಡಿಗೂ ಒಂದು ಪಾಲಿದೆ. ಬ್ರೆಜಿಲಿನ ಬೀಟೆ ದುರ್ಲಭವಾದಾಗ, ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಯತ್ತ ತಿರುಗಿತು. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಈ ಜಾತಿಯ ಮರ ಹೀಗೆ ಲೋಕದ ಎಷ್ಟೋ ವೇದಿಕೆಗಳ ಮೇಲೆ ಹಾಡಿದೆ. ಈಗ ಅದೂ ಅಪಾಯದ ಅಂಚಿನಲ್ಲಿರುವ ಮರಗಳ ಸಾಲಿಗೆ ಸೇರಿದೆ, 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ. ಪ್ರೀತಿಯಿಂದ ಮಾಡಿಸುವ ವಸ್ತುವಿಗೂ ಎಲ್ಲೋ ಒಂದು ಮರ ಬಿದ್ದಿರುತ್ತದೆ ಎಂಬುದನ್ನು ಮರೆತು ಕೈಕೆಲಸವನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ. ಬಿದ್ದ ಮರಕ್ಕೆ ನಾವು ಸಲ್ಲಿಸಬಹುದಾದ ಗೌರವವೆಂದರೆ ವಾದ್ಯ ಬಹುಕಾಲ ಬಾಳುವಂತೆ ನೋಡಿಕೊಳ್ಳುವುದು. ಪ್ರಾಣಿಗಳ ಚರ್ಮ ಕಾಯಿಸಿ ತೆಗೆದ ಹಳೆಯ ಬಗೆಯ ಅಂಟನ್ನು ಇವತ್ತಿಗೂ ಕೆಲವರು ಬಿಡದಿರುವುದಕ್ಕೆ ಒಂದು ಕಾರಣ, ಶಾಖವನ್ನೂ ತೇವವನ್ನೂ ಕೊಟ್ಟರೆ ಅದು ಬಿಟ್ಟುಕೊಳ್ಳುತ್ತದೆ ಎಂಬುದು. ಅಂದರೆ ಇನ್ನೂ ಹುಟ್ಟದ ಯಾರೋ ಒಬ್ಬರು ಮುಂದೆಂದೋ ಇದನ್ನು ರಿಪೇರಿ ಮಾಡುತ್ತಾರೆ, ಅವರ ಕೈಗೆ ತೊಂದರೆಯಾಗಬಾರದು ಎಂದು ಇವರು ಇಂದೇ ಯೋಚಿಸುತ್ತಾರೆ. ಇಂಥ ದೂರದ ಸೌಜನ್ಯ ನಮ್ಮ ಬೇರೆ ಯಾವ ಕೆಲಸಗಳಲ್ಲಿ ಉಳಿದಿದೆ?

ಗುಟ್ಟಿನ ಬಗ್ಗೆ ನನಗೆ ಒಂದು ಅಳುಕೂ ಇದೆ. ಅಚ್ಚರಿಗೊಳಿಸುವ ಆಸೆಯಲ್ಲಿ ಕೊಡುವವರ ಹಂಬಲವೂ ಬೆರೆತಿರುತ್ತದೆ: ಆ ಕ್ಷಣದ ಮುಖ ನೋಡಬೇಕು, ಕಣ್ಣು ತುಂಬಿಕೊಳ್ಳುವುದನ್ನು ಕಾಣಬೇಕು, ಈಗೀಗ ಅದನ್ನು ಫೋನಿನಲ್ಲಿ ಹಿಡಿಯಲೂ ಬೇಕು. ಪಡೆಯುವವರು ಉಡುಗೊರೆಯ ಜೊತೆಗೆ ಒಂದು ನಟನೆಯ ಹೊಣೆಯನ್ನೂ ಹೊರಬೇಕಾಗುತ್ತದೆ. ವಾದ್ಯದ ವಿಷಯದಲ್ಲಿ ಇದು ಇನ್ನೂ ನಾಜೂಕು, ಏಕೆಂದರೆ ವಾದ್ಯವನ್ನು ಒಪ್ಪುವುದು ಬಿಡುವುದು ಬಾಯಲ್ಲ, ಕೈ. ಸ್ಪೇನಿನ ಮಹಾನ್ ಗಿಟಾರ್ ವಾದಕ ಫ್ರಾನ್ಸಿಸ್ಕೋ ತರ್ರೇಗಾ ಹದಿಹರೆಯದಲ್ಲಿ ಸೆವಿಲ್ಲಾದ ಟೋರೆಸ್‌ನ ಅಂಗಡಿಗೆ ಹೋದ ಕಥೆಯನ್ನು ಗಿಟಾರ್ ಬಲ್ಲವರು ಇಂದಿಗೂ ಹೇಳುತ್ತಾರೆ. ಟೋರೆಸ್ ಮೊದಲು ಒಂದು ಸಾಧಾರಣ ಗಿಟಾರನ್ನು ಕೊಟ್ಟನಂತೆ. ಹುಡುಗ ನುಡಿಸುವುದನ್ನು ಕೇಳಿದ ಮೇಲೆ ಒಳಗೆ ಹೋಗಿ, ಕೆಲವು ವರ್ಷಗಳ ಹಿಂದೆ, 1864ರಲ್ಲಿ, ತನಗಾಗಿ ಮಾಡಿಟ್ಟುಕೊಂಡಿದ್ದನ್ನು ತಂದನಂತೆ. ಕಿವಿಗೊಟ್ಟು ಕೇಳಿದ ಮೇಲೆ ಕೊಟ್ಟ ವಾದ್ಯ ಅದು, ಅದಕ್ಕೇ ಆ ಕೈಗೆ ಸಂದಿತು. ಕೇಳದೆ ಕೊಡುವ ಅಚ್ಚರಿ ಎಷ್ಟೇ ದುಬಾರಿಯಾದರೂ ನನ್ನ ಮಟ್ಟಿಗೆ ಅದು ಅರ್ಧ ಉಡುಗೊರೆ.

ಗಿಟಾರ್ ಸಿದ್ಧವಾಗಲು ಹೇಳಿದ್ದಕ್ಕಿಂತ ಹೆಚ್ಚು ತಿಂಗಳು ಹಿಡಿಯಿತು. ಹುಟ್ಟುಹಬ್ಬ ದಾಟಿತು, ಆಕೆ ಅಂದು ಅಂಗಿಯೊಂದನ್ನು ಕಳಿಸಿ ಸುಮ್ಮನಾದರು. ಕೊನೆಗೆ ಕೈಗೆ ಕೊಟ್ಟ ದಿನ ತಮ್ಮ ಹೆಚ್ಚು ಮಾತಾಡಲಿಲ್ಲವಂತೆ. ಆದರೆ ಮುಂದಿನ ಭಾನುವಾರ ಅವನು ಚರ್ಚಿಗೆ ಒಯ್ದದ್ದು ಹಳೆಯದನ್ನೇ. ಅದರ ಮುಂದಿನ ಭಾನುವಾರವೂ ಹಾಗೆಯೇ. ಫೋನಿನಲ್ಲಿ ತಮ್ಮನ ಹೆಂಡತಿ ಯಾವುದೋ ಮಾತಿನ ನಡುವೆ ಇದನ್ನು ಹೇಳಿದಾಗ ಆಕೆಗೆ ನೋವಾಯಿತು, ಯಾಕೆಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂತು, ಕೇಳಲಿಲ್ಲ. ಆ ಮೌನವನ್ನು ನಾನು ಗಿಟಾರಿಗಿಂತ ಒಂದು ಗುಂಜಿ ಹೆಚ್ಚಾಗಿಯೇ ಗೌರವಿಸುತ್ತೇನೆ. ಕೊಟ್ಟ ಮೇಲೂ ನಮ್ಮೊಂದು ಕಣ್ಣು ಕೊಟ್ಟದ್ದರ ಮೇಲೆಯೇ ಇರುತ್ತದೆ: ಆ ಸೀರೆ ಉಟ್ಟೆಯಾ, ಆ ಪುಸ್ತಕ ಓದಿದೆಯಾ, ಕೊಡಿಸಿದ ಯಂತ್ರ ಬಳಸುತ್ತಿದ್ದೀಯಾ? ಕೇಳುವುದು ಅಕ್ಕರೆಯಿಂದಲೇ, ಆದರೂ ಕೇಳಿದಷ್ಟು ಸಲ ಉಡುಗೊರೆ ಸಾಲವಾಗುತ್ತ ಹೋಗುತ್ತದೆ.

ತಮ್ಮ ಹೊಸ ಗಿಟಾರನ್ನು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ನುಡಿಸುತ್ತಾನೆ, ಒಬ್ಬನೇ, ಯಾರೂ ಹಾಡದಿರುವಾಗ, ಎಂದು ಆಕೆಗೆ ಗೊತ್ತಾದದ್ದು ಮುಂದಿನ ರಜೆಯಲ್ಲಿ. ಬೆರಳು ಐದನೆಯ ಫ್ರೆಟ್ ದಾಟಿ ಮೇಲೆ ಹೋಗುತ್ತಿತ್ತು, ತಡವರಿಸುತ್ತ, ಕಲಿಯುವವರ ಹಾಗೆ. ಚರ್ಚಿನಲ್ಲಿ ಈಗಲೂ ಹಳೆಯದೇ.

ನಿಮ್ಮಲ್ಲಿ ಯಾರಿಗಾದರೂ ಆತ್ಮೀಯರಿಗೊಂದು ವಾದ್ಯ ಮಾಡಿಸಿಕೊಡುವ ಮನಸ್ಸಿದ್ದರೆ, ಅದು ಗಿಟಾರಾಗಲಿ ವೀಣೆಯಾಗಲಿ, ಮಾಡುವವರ ಬಳಿ ಹೋಗುವ ಮೊದಲು ಒಂದು ಸಂಜೆ ಫೋನು ಬದಿಗಿಟ್ಟು ಅವರೆದುರು ಕೂತು, ನುಡಿಸುವುದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ. ಕೈ ಹೇಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಳ್ಳಿ. ಮರ ಯಾವುದು, ಬೆಲೆ ಎಷ್ಟು ಎಂಬ ಮಾತು ಆಮೇಲಿನದು. ಒಳ್ಳೆಯ ಕಸುಬುದಾರರು ನಿಮ್ಮನ್ನು ಮೊದಲು ಕೇಳುವುದು ಆ ಕೈಯ ಬಗ್ಗೆಯೇ.